ಜಗಳಕ್ಕೆ ಬಂದೀತೆ ಕಪೊಯೆರಾ?

1909ರ ಮೇ ತಿಂಗಳು, ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರ. ಜಪಾನಿನಿಂದ ಬಂದಿದ್ದ ಸಾದಾ ಮಿಯಾಕೊ ಎಂಬ ಜುಜುತ್ಸು ಪಟು ಅಲ್ಲಿನ ಒಂದು ರಂಗಮಂದಿರದಲ್ಲಿ ಪ್ರದರ್ಶನ ಕೊಡುತ್ತಾ, ಧೈರ್ಯವಿದ್ದವರು ಬನ್ನಿ ಎಂದು ಸವಾಲು ಹಾಕುತ್ತಿದ್ದ. ಎದುರು ನಿಂತವನು ಸಿರಿಯಾಕೊ, ಕಪ್ಪು ಜನಾಂಗದ ಕೂಲಿಯಾಳು. ಮಿಯಾಕೊ ಅವನನ್ನು ಹಿಡಿತಕ್ಕೆ ತಂದುಕೊಳ್ಳುವ ಮೊದಲೇ ಸಿರಿಯಾಕೊ ನೆಲದತ್ತ ಬಾಗಿ ಗಿರ್ರನೆ ತಿರುಗಿದ. ಹಿಮ್ಮಡಿ ತಲೆಗೆ ಬಿತ್ತು, ಪಂದ್ಯ ಮುಗಿಯಿತು. ರಿಯೊ ಜನ ಅವನನ್ನು ಹಾಡಿ ಹೊಗಳಿದರು. ತಮಾಷೆಯೆಂದರೆ, ಅವನು ಕಣದಲ್ಲಿ ಮಾಡಿದ್ದನ್ನೇ ಬೀದಿಯಲ್ಲಿ ಮಾಡಿದ್ದರೆ ಅಂದಿನ ಕಾನೂನಿನ ಪ್ರಕಾರ ಜೈಲಿಗೆ ಹೋಗಬೇಕಾಗಿತ್ತು.

ಸಿರಿಯಾಕೊ ಬಳಸಿದ್ದು ಬ್ರೆಜಿಲ್‌ನ ಸಮರಕಲೆ ಕಪೊಯೆರಾ. ಅದನ್ನು ಕಲಿತವರನ್ನು ‘ಇದರಿಂದ ನಿಜವಾಗಿ ಹೊಡೆದಾಡಲು ಆಗುತ್ತದೆಯೇ’ ಎಂದು ಕೇಳಿ ನೋಡಿ, ಸಿರಿಯಾಕೊನ ಕತೆ ಬಂದೇ ಬರುತ್ತದೆ. ಕೇಳಿದವರು ಕುಸ್ತಿಯನ್ನೋ ಬಾಕ್ಸಿಂಗನ್ನೋ ಬಲ್ಲವರಾದರೆ ತುಟಿಯಂಚಿನಲ್ಲಿ ನಗುತ್ತಾರೆ. ನೂರು ವರ್ಷ ಹಳೆಯ ಒಂದು ಒದೆ ಬಿಟ್ಟರೆ ನಿಮ್ಮ ಹತ್ತಿರ ಬೇರೆ ಸಾಕ್ಷಿ ಇಲ್ಲವೇನ್ರಿ ಅಂತ. ಇಬ್ಬರ ಮಾತಿನಲ್ಲೂ ಸ್ವಲ್ಪ ಹುರುಳಿದೆ. ಆದರೆ ಇಬ್ಬರೂ ನೋಡುತ್ತಿರುವುದು ಒದೆಯನ್ನು ಮಾತ್ರ.

ನನ್ನ ತೀರ್ಮಾನವನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇನೆ. ಇವತ್ತು ಬಹುಪಾಲು ಕಡೆ ಕಲಿಸುವ ಕಪೊಯೆರಾ ಬೀದಿ ಜಗಳಕ್ಕೆ ಒದಗುವುದಿಲ್ಲ. ತಪ್ಪು ಒದೆಗಳದ್ದಲ್ಲ, ಅಭ್ಯಾಸದ ರೀತಿಯದು. ಆ ರೀತಿಯನ್ನು ಬದಲಿಸಿ, ಹೊಡೆದಾಟಕ್ಕೆಂದೇ ಕಪೊಯೆರಾವನ್ನು ಸಾಣೆ ಹಿಡಿದವರೂ ಬ್ರೆಜಿಲ್‌ನಲ್ಲಿದ್ದರು. ಅವರು ಗೆದ್ದರು ಕೂಡ. ಆದರೆ ಗೆದ್ದವರ ಕಪೊಯೆರಾ ಹೆಚ್ಚು ಕಾಲ ಬಾಳಲಿಲ್ಲ, ಅವರ ಎದುರು ಸೋತವರದು ಇವತ್ತು ಲೋಕವನ್ನೆಲ್ಲ ಸುತ್ತುತ್ತಿದೆ. ಈ ವಿಚಿತ್ರ ಬಿಡಿಸದೆ ಕಪೊಯೆರಾ ‘ಕೆಲಸಕ್ಕೆ ಬರುತ್ತದೆಯೇ’ ಎಂಬ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ.

ನೋಡದವರಿಗಾಗಿ ನಾಲ್ಕು ಮಾತು. ಜನ ವೃತ್ತಾಕಾರವಾಗಿ ನಿಲ್ಲುತ್ತಾರೆ, ಇಲ್ಲವೆ ಕೂರುತ್ತಾರೆ. ಆ ವೃತ್ತಕ್ಕೆ ರೋಡಾ ಎಂದು ಹೆಸರು. ಒಂದು ಬದಿಯಲ್ಲಿ ಬೆರಿಂಬೌ ಎಂಬ ವಾದ್ಯ: ಬಿಲ್ಲಿಗೆ ಒಂದೇ ತಂತಿ, ಕೆಳಗೆ ಕಟ್ಟಿದ ಸೋರೆಬುರುಡೆ, ತಂತಿಗೆ ಬಡಿಯಲು ಒಂದು ಕಡ್ಡಿ. ಜೊತೆಗೆ ನಮ್ಮ ಕಂಜಿರವನ್ನು ಹೋಲುವ ಪಾಂದೇರೊ, ಎತ್ತರದ ಒಂದು ನಗಾರಿ. ಒಬ್ಬರು ಹಾಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಬೆರಿಂಬೌ ಮುಂದೆ ಕುಕ್ಕರಗಾಲಲ್ಲಿ ಕುಳಿತ ಇಬ್ಬರು ಕೈಮುಟ್ಟಿ ಒಳಗೆ ಇಳಿಯುತ್ತಾರೆ. ಅವರು ಮಾಡುವುದಕ್ಕೆ ಪೋರ್ಚುಗೀಸ್ ಭಾಷೆಯಲ್ಲಿ ಕಾದಾಟ ಎನ್ನುವುದಿಲ್ಲ, ಆಟ ಎನ್ನುತ್ತಾರೆ. ನಿಂತಲ್ಲಿ ನಿಲ್ಲದೆ ಒಂದು ಕಾಲು ಹಿಂದೆ, ಮತ್ತೊಂದು ಮುಂದೆ ಎಂದು ತೂಗಾಡುವ ಜಿಂಗಾ ಎಂಬ ಹೆಜ್ಜೆಯೇ ಅದರ ನಿಲುವು. ಅಲ್ಲಿಂದಲೇ ಒದೆ, ಅಲ್ಲಿಂದಲೇ ತಪ್ಪಿಸಿಕೊಳ್ಳುವುದು, ಅಲ್ಲಿಂದಲೇ ಅಡ್ಡಗಾಲು.

ಗುಲಾಮರು ಯಜಮಾನರ ಕಣ್ಣಿಗೆ ಮಣ್ಣೆರಚಲು ಹೊಡೆದಾಟವನ್ನು ಕುಣಿತದ ಬಟ್ಟೆಯಲ್ಲಿ ಮುಚ್ಚಿಟ್ಟರು, ಕೈಗೆ ಕೋಳ ಇದ್ದುದರಿಂದ ಕಾಲಲ್ಲೇ ಹೊಡೆಯಲು ಕಲಿತರು ಎಂಬ ಕತೆಯನ್ನು ನೀವೂ ಕೇಳಿರಬಹುದು. ಚಂದದ ಕತೆ. ಆದರೆ ದಾಖಲೆಗಳು ಅದಕ್ಕೆ ಒತ್ತಾಸೆ ಕೊಡುವುದಿಲ್ಲ. 1789ರಲ್ಲೇ ರಿಯೊದಲ್ಲಿ ಆದಾಂವ್ ಎಂಬ ಗುಲಾಮನನ್ನು ಕಪೊಯೆರಾದ ಕಾರಣಕ್ಕೆ ಹಿಡಿದ ದಾಖಲೆ ಇದೆ. 19ನೇ ಶತಮಾನದ ಮೊದಲ ದಶಕಗಳ ಪೊಲೀಸ್ ಕಡತಗಳಲ್ಲಿ ಇದೇ ಆರೋಪದ ಮೇಲೆ ಹಿಡಿದು ಚಾವಟಿಯಲ್ಲಿ ಬಾರಿಸಿದವರ ಹೆಸರುಗಳು ಸಾಲುಸಾಲಾಗಿ ಸಿಗುತ್ತವೆ. ಊರಿನ ಪೊಲೀಸರಿಗೆಲ್ಲ ಗೊತ್ತಿದ್ದ ಗುಟ್ಟು ಎಂಥ ಗುಟ್ಟು? ಕೋಳದ ಕತೆಯಂತೂ ಇನ್ನೂ ಸಡಿಲ. ದಾಖಲೆಗಳಲ್ಲಿ ಕಾಣುವ ಕಪೊಯೆರಾ ಕಬ್ಬಿನ ತೋಟದ್ದಲ್ಲ, ಪೇಟೆಯದು. ಅದರ ಜನ ನೀರು ಹೊತ್ತು, ಮೂಟೆ ಹೊತ್ತು ಬೀದಿ ಬೀದಿ ಅಲೆಯುತ್ತಿದ್ದ ಗುಲಾಮರು ಮತ್ತು ಬಿಡುಗಡೆ ಪಡೆದವರು.

ಇಲ್ಲಿ ಸಣ್ಣದೊಂದು ಅಡ್ಡಮಾತು. ಪೋರ್ಚುಗೀಸರ ಹಡಗುಗಳು ಆಫ್ರಿಕಾದ ಜನರನ್ನು ಗೋವಾಕ್ಕೂ ತಂದವು. ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಬದುಕುವ ನಮ್ಮ ಸಿದ್ದಿಗಳ ಪೂರ್ವಿಕರಲ್ಲಿ ಅನೇಕರು ಅಲ್ಲಿಂದ ತಪ್ಪಿಸಿಕೊಂಡು ಬಂದವರು. ಅವರ ಡಮಾಮಿ ಕುಣಿತದಲ್ಲಿ ಚರ್ಮವಾದ್ಯ ಇದೆ, ಹಾಡು ಇದೆ, ಮೈಮರೆಯುವ ಲಯ ಇದೆ. ಕಪೊಯೆರಾದಂಥದ್ದು ಇಲ್ಲ. ಅವರು ಬಂದದ್ದು ಹೆಚ್ಚಾಗಿ ಆಫ್ರಿಕಾದ ಪೂರ್ವ ಕರಾವಳಿಯಿಂದ, ಬ್ರೆಜಿಲ್‌ಗೆ ಹೋದವರು ಹೆಚ್ಚಾಗಿ ಪಶ್ಚಿಮದಿಂದ, ಹಾಗಾಗಿ ಇದನ್ನು ದೊಡ್ಡ ಪುರಾವೆ ಎನ್ನಲಾರೆ. ಆದರೂ ಕಪೊಯೆರಾ ಆಫ್ರಿಕಾದಿಂದ ಗಂಟು ಕಟ್ಟಿ ತಂದ ಸಿದ್ಧವಸ್ತುವಲ್ಲ, ಬ್ರೆಜಿಲ್‌ನ ಬಂದರು ಪೇಟೆಗಳ ಒತ್ತಡದಲ್ಲಿ ರೂಪುಗೊಂಡದ್ದು ಎಂದು ನನಗೆ ಅನ್ನಿಸುವುದಕ್ಕೆ ಅದೂ ಒಂದು ಕಾರಣ.

ಆ ಪೇಟೆಗಳಲ್ಲಿ ಕಪೊಯೆರಾ ಕೆಲಸಕ್ಕೆ ಬರುತ್ತಿತ್ತೇ? ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. 1828ರಲ್ಲಿ ರಿಯೊದಲ್ಲಿದ್ದ ಜರ್ಮನ್ ಮತ್ತು ಐರಿಷ್ ಬಾಡಿಗೆ ಸೈನಿಕರು ದಂಗೆಯೆದ್ದಾಗ ಅವರನ್ನು ಬೀದಿಯಲ್ಲಿ ಅಡ್ಡಗಟ್ಟಿದವರಲ್ಲಿ ಕಪೊಯೆರಾ ಬಲ್ಲ ಕಪ್ಪು ಜನ ಇದ್ದರು. ಶತಮಾನದ ಉತ್ತರಾರ್ಧದಲ್ಲಿ ಊರು ನಗೋವಾ, ಗುವಾಯಮು ಎಂಬ ಎರಡು ದೊಡ್ಡ ಬಣಗಳಲ್ಲಿ ಹಂಚಿಹೋಗಿತ್ತು. ರಾಜಕೀಯ ಪಕ್ಷಗಳು ಅವರನ್ನು ಸಾಕಿಕೊಂಡಿದ್ದವು. 1872ರ ಚುನಾವಣೆಯಲ್ಲಿ ಗ್ಲೋರಿಯಾ ಬಡಾವಣೆಯ ‘ಫ್ಲೋರ್ ದಾ ಜೆಂತೆ’ ಎಂಬ ತಂಡ ಕನ್ಸರ್ವೇಟಿವ್ ಪಕ್ಷದ ಅಭ್ಯರ್ಥಿಯ ಪರ ಮತಗಟ್ಟೆಗಳಲ್ಲಿ ಕಾಲು ಬೀಸಿತು, ಅಭ್ಯರ್ಥಿ ಗೆದ್ದ. ಚುನಾವಣೆ ಗೆಲ್ಲಿಸಿಕೊಟ್ಟ ಸಮರಕಲೆ ಎಂದರೆ ಪರಿಣಾಮದ ಬಗ್ಗೆ ಅನುಮಾನ ಪಡುವಂತಿಲ್ಲ.

ಆದರೆ ಗೆದ್ದದ್ದು ಯಾವುದು? ಆ ಕಾಲದ ಕಪೊಯೆರಾದವನ ಕೈಯಲ್ಲಿ ಕ್ಷೌರದ ಕತ್ತಿ ಇರುತ್ತಿತ್ತು, ಇಲ್ಲವೆ ದೊಣ್ಣೆ. ಅವನ ನೆಚ್ಚಿನ ಪೆಟ್ಟು ಗಾಳಿಯಲ್ಲಿ ಹಾರಿ ಹೊಡೆಯುವ ಒದೆಯಲ್ಲ, ಹೊಟ್ಟೆಗೋ ಎದೆಗೋ ನುಗ್ಗಿ ತಲೆಯಿಂದ ಹೊಡೆಯುವ ಡಿಚ್ಚಿ. ಅದಕ್ಕೆ ಕಬೆಸಾಡಾ ಎನ್ನುತ್ತಾರೆ. ಎದುರಾಳಿಯ ಕಾಲು ತಪ್ಪಿಸಿ ಕೆಡವುವ ರಸ್ತೇರಾ ಇನ್ನೊಂದು. ಜೊತೆಗೆ ಬೆನ್ನಿಗೆ ಇಪ್ಪತ್ತು ಜನ. ಕುತ್ತಿಗೆಗೆ ರೇಷ್ಮೆ ವಸ್ತ್ರ ಸುತ್ತಿಕೊಳ್ಳುತ್ತಿದ್ದರು, ಕತ್ತಿಯ ಬಾಯಿ ರೇಷ್ಮೆಯ ಮೇಲೆ ಜಾರುತ್ತದೆ ಎಂದು. ಬೆರಿಂಬೌ? ಜರ್ಮನ್ ಚಿತ್ರಕಾರ ರುಗೆಂಡಾಸ್ 1835ರಲ್ಲಿ ಪ್ರಕಟಿಸಿದ ಪ್ರಸಿದ್ಧ ಚಿತ್ರದಲ್ಲಿ ಇಬ್ಬರು ಎದುರುಬದುರು ನಿಂತಿದ್ದಾರೆ, ಒಬ್ಬ ನಗಾರಿ ಬಾರಿಸುತ್ತಿದ್ದಾನೆ, ಬೆರಿಂಬೌ ಎಲ್ಲೂ ಇಲ್ಲ. ಅದು ಕಪೊಯೆರಾದ ಜೊತೆ ಸೇರಿದ್ದು ಆಮೇಲೆ, ಬಾಯಿಯಾ ಪ್ರಾಂತ್ಯದಲ್ಲಿ. ಅಂದರೆ ಬೀದಿಯನ್ನು ನಡುಗಿಸಿದ ಕಪೊಯೆರಾ ಬೇರೆ, ಇವತ್ತು ನಾವು ವಿಡಿಯೊದಲ್ಲಿ ನೋಡಿ ‘ಆಹಾ’ ಎನ್ನುವ ಕಪೊಯೆರಾ ಬೇರೆ. ಮೊದಲನೆಯದರ ಯಶಸ್ಸನ್ನು ಎರಡನೆಯದರ ಲೆಕ್ಕಕ್ಕೆ ಬರೆದುಕೊಳ್ಳುವುದು, ಅಜ್ಜ ಹುಲಿ ಕೊಂದಿದ್ದ ಎಂದು ಮೊಮ್ಮಗ ಮೀಸೆ ತಿರುವಿದ ಹಾಗೆ.

1888ರಲ್ಲಿ ಗುಲಾಮಗಿರಿ ರದ್ದಾಯಿತು, ಮರುವರ್ಷ ಗಣರಾಜ್ಯ ಬಂತು, 1890ರ ದಂಡಸಂಹಿತೆಯ 402ನೇ ವಿಧಿ ಬೀದಿಯಲ್ಲಿ ಕಪೊಯೆರಾ ಆಡುವವರಿಗೆ 2ರಿಂದ 6 ತಿಂಗಳ ಸೆರೆ ವಿಧಿಸಿತು. ಮುಖಂಡರಿಗೆ ಎರಡರಷ್ಟು. ರಿಯೊದ ಪೊಲೀಸ್ ಮುಖ್ಯಸ್ಥ ಸಂಪಾಯೊ ಫೆರ್ರಾಸ್ ನೂರಾರು ಮಂದಿಯನ್ನು ಹಿಡಿದು, ಅನೇಕರನ್ನು ಫೆರ್ನಾಂಡೊ ದೆ ನೊರೊನ್ಯಾ ದ್ವೀಪಕ್ಕೆ ಸಾಗಹಾಕಿದ. ರಿಯೊದ ಬಣಗಳ ಬೆನ್ನುಮೂಳೆ ಮುರಿಯಿತು. ಬಾಯಿಯಾದಲ್ಲಿ, ಸಾಲ್ವದೋರ್ ಪೇಟೆಯ ಸುತ್ತಮುತ್ತ, ಹಾಡು ಮತ್ತು ಬೆರಿಂಬೌ ಜೊತೆಗಿದ್ದ ಕಪೊಯೆರಾ ಉಳಿಯಿತು.

ಇನ್ನು ಒದೆಗಳ ಕಡೆ ಬರೋಣ. ಕಪೊಯೆರಾದ ಅತ್ಯಂತ ಭಯಂಕರವಾದ ಒದೆಯ ಹೆಸರು ಮೆಯಾ ಲುವಾ ದೆ ಕೊಂಪಾಸೊ, ಕೈವಾರದ ಅರ್ಧಚಂದ್ರ ಎಂದರ್ಥ. ಹೆಸರಿಟ್ಟವರು ಸರಿಯಾಗಿ ನೋಡಿದ್ದಾರೆ. ಮುಂಗಾಲನ್ನು ಕೈವಾರದ ಮುಳ್ಳಿನಂತೆ ಊರಿ, ಸೊಂಟ ತಿರುಚಿ, ಕೈಯನ್ನು ನೆಲಕ್ಕಿಟ್ಟು, ತಲೆಯನ್ನು ಮೊಣಕಾಲಿನ ಮಟ್ಟಕ್ಕೆ ಇಳಿಸಬೇಕು. ಕಣ್ಣು ತನ್ನದೇ ತೋಳಿನ ಸಂದಿಯಿಂದ ಎದುರಾಳಿಯನ್ನು ನೋಡುತ್ತಿರಬೇಕು. ಆಗ ಹಿಂಗಾಲು ಪೆನ್ಸಿಲ್ಲಿನಂತೆ ದೊಡ್ಡ ಚಾಪ ಎಳೆಯುತ್ತಾ ಬರುತ್ತದೆ, ಕೊನೆಯಲ್ಲಿ ಹಿಮ್ಮಡಿ. ತಲೆ ಮತ್ತು ಎದೆ ಕೆಳಗಿಳಿದಷ್ಟೂ ಆ ಭಾರವೆಲ್ಲ ಕಾಲಿನ ವೇಗಕ್ಕೆ ಸೇರುತ್ತದೆ. ಎದುರಾಳಿಗೆ ನಿಮ್ಮ ಮುಖ ಇರಬೇಕಾದ ಜಾಗದಲ್ಲಿ ಮುಖ ಇಲ್ಲ, ಪೆಟ್ಟು ಬರಬಾರದ ಕಡೆಯಿಂದ ಪೆಟ್ಟು ಬರುತ್ತಿದೆ. ತಗುಲಿದರೆ ಮನುಷ್ಯ ಕಡಿದ ಬಾಳೆಗಿಡದಂತೆ ಬೀಳುತ್ತಾನೆ. 2009ರಲ್ಲಿ ಮಾರ್ಕಸ್ ಔರೇಲಿಯೊ ಎಂಬ ಕಪೊಯೆರಾ ಪಟು ಮಿಶ್ರ ಸಮರಕಲೆಯ ಪಂದ್ಯವೊಂದರಲ್ಲಿ ಇದೇ ಒದೆಯಿಂದ ಎದುರಾಳಿಯ ಪ್ರಜ್ಞೆ ತಪ್ಪಿಸಿದ್ದನ್ನು ಲಕ್ಷಾಂತರ ಜನ ನೋಡಿದ್ದಾರೆ.

ತಗುಲದಿದ್ದರೆ? ಅಲ್ಲೇ ಇರುವುದು ಸಂಕಟ. ಚಾಪ ದೊಡ್ಡದಾದ್ದರಿಂದ ಬರುವುದು ಗೊತ್ತಾಗುತ್ತದೆ. ನಡುವೆ ಅರೆಕ್ಷಣ ನಿಮ್ಮ ಬೆನ್ನು ಅವನ ಕಡೆಗಿದೆ, ನೀವು ಒಂಟಿಗಾಲಲ್ಲಿದ್ದೀರಿ, ಕೈಗಳು ಮುಖ ಕಾಯುವುದನ್ನು ಬಿಟ್ಟು ನೆಲ ಕಾಯುತ್ತಿವೆ. ಹಿಂದೆ ಸರಿದು ಒದೆ ಹಾದುಹೋಗಲು ಬಿಟ್ಟು, ತಕ್ಷಣ ನುಗ್ಗಿ ಸೊಂಟ ಹಿಡಿಯಬಲ್ಲ ಕುಸ್ತಿಪಟುವಿಗೆ ಇದಕ್ಕಿಂತ ಒಳ್ಳೆಯ ಆಹ್ವಾನ ಬೇಕಿಲ್ಲ. ಒಮ್ಮೆ ನೆಲಕ್ಕೆ ಬಿದ್ದು ತೆಕ್ಕೆಹಾಯ್ದರೆ ಕಪೊಯೆರಾದಲ್ಲಿ ಮುಂದಿನ ಪಾಠವೇ ಇಲ್ಲ. ನೆಲದ ಮೇಲೆ ಓಡಾಡುವುದನ್ನು ಅದು ಚೆನ್ನಾಗಿ ಕಲಿಸುತ್ತದೆ, ನೆಲದ ಮೇಲೆ ಇನ್ನೊಬ್ಬ ಮೈಮೇಲೆ ಕೂತಾಗ ಏನು ಮಾಡಬೇಕೆಂದು ಕಲಿಸುವುದಿಲ್ಲ. ಗುದ್ದುವುದೂ ಅಷ್ಟಕ್ಕಷ್ಟೆ. ನಮ್ಮ ಕಡೆಯ ಹೊಡೆದಾಟಗಳನ್ನು ಕಂಡವರಿಗೆ ಗೊತ್ತು, ಅವು ಶುರುವಾಗುವುದೇ ಕಾಲರ್ ಪಟ್ಟಿ ಹಿಡಿಯುವುದರಿಂದ. ಕಾಲರ್ ಹಿಡಿದ ದೂರದಲ್ಲಿ ಅರ್ಧಚಂದ್ರ ಎಳೆಯಲು ಜಾಗವೆಲ್ಲಿ?

ಇದಕ್ಕೆ ಪ್ರತಿಯಾಗಿ ರಸ್ತೇರಾ ನೋಡಿ. ಕಣ್ಣಿಗೆ ಹಬ್ಬವೇನೂ ಅಲ್ಲ. ಎದುರಾಳಿ ಒದೆ ಎತ್ತಿದಾಗ ನೀವು ಕುಸಿದು, ನೆಲದಿಂದ ಒಂದಂಗುಲ ಎತ್ತರದಲ್ಲಿ ಪಾದವನ್ನು ಕೊಕ್ಕೆಯಂತೆ ಬಾಗಿಸಿ, ಅವನು ನಿಂತಿರುವ ಕಾಲಿನ ಹಿಮ್ಮಡಿಯ ಹಿಂದಕ್ಕೆ ಹಾಕಿ ಎಳೆಯುತ್ತೀರಿ. ಬಲ ಬೇಕಿಲ್ಲ. ಭಾರ ಆ ಕಾಲಿಗೆ ಬಿದ್ದ ಕ್ಷಣ ಸಿಕ್ಕಬೇಕು, ಅಷ್ಟೆ. ಒಂದು ಚಿಟಿಕೆ ಮೊದಲಾದರೆ ಕಾಲು ಇನ್ನೂ ಬಂದಿಲ್ಲ, ಒಂದು ಚಿಟಿಕೆ ತಡವಾದರೆ ಮರದ ಬೊಡ್ಡೆಗೆ ಕಾಲು ಹಾಕಿದಂತೆ. ಜುಡೊದಲ್ಲೂ ಇಂಥದ್ದೇ ಪಟ್ಟು ಇದೆ, ಅಲ್ಲಿ ಅದನ್ನು ಕಲಿಯಲು ವರ್ಷಗಳು ಬೇಕು ಎನ್ನುತ್ತಾರೆ. ಸಿಮೆಂಟಿನ ನೆಲದ ಮೇಲೆ ಹೀಗೆ ಬಿದ್ದವನು ಸುಲಭವಾಗಿ ಏಳುವುದಿಲ್ಲ. ಕಪೊಯೆರಾದಲ್ಲಿ ನಿಜವಾದ ಆಯುಧ ಯಾವುದು ಎಂದು ನನ್ನನ್ನು ಕೇಳಿದರೆ ಇದನ್ನೇ ಹೇಳುತ್ತೇನೆ. ಜಾಹೀರಾತಿನಲ್ಲಿ ಮಾತ್ರ ಇದು ಇರುವುದಿಲ್ಲ, ಫೋಟೊ ಚೆನ್ನಾಗಿ ಬರುವುದಿಲ್ಲವಲ್ಲ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿ ಒಂದು ಸಂಜೆಯ ತರಗತಿ ನೋಡಲು ಹೋಗಿದ್ದೆ. ಹತ್ತು ಹನ್ನೆರಡು ಹುಡುಗ ಹುಡುಗಿಯರು, ಹೆಚ್ಚಿನವರು ಆಫೀಸು ಮುಗಿಸಿ ಬಂದವರು, ಬಿಳಿ ಪ್ಯಾಂಟು. ಇಬ್ಬರು ಆಡುತ್ತಿದ್ದರು. ಒಬ್ಬನ ಹಿಮ್ಮಡಿ ಇನ್ನೊಬ್ಬಳ ನೆತ್ತಿಯ ಮೇಲೆ ಒಂದು ಗೇಣು ಬಿಟ್ಟು ಹಾದುಹೋಯಿತು. ಅವಳು ಆಗಲೇ ಬಾಗಿದ್ದಳು. ನಿಜ ಹೇಳಬೇಕೆಂದರೆ ಅವಳು ಬಾಗದಿದ್ದರೂ ಅದು ತಗುಲುತ್ತಿರಲಿಲ್ಲ. ಬಿಡುವಿನಲ್ಲಿ ಗುರುವನ್ನು ಕೇಳಿದೆ, ‘ಯಾಕೆ ಹೊಡೆಯೋದಿಲ್ಲ?’ ಆತ ನಕ್ಕು, ‘ಹೊಡೆಯೋದು ಸುಲಭ ಸಾರ್, ಹೊಡೆಯೋ ಜಾಗದಲ್ಲಿ ನಿಲ್ಸೋದು ಕಷ್ಟ’ ಎಂದ. ಒಳ್ಳೆಯ ಉತ್ತರ, ಮನಸ್ಸಿಗೆ ಹಿಡಿಸಿತು. ಹೊರಗೆ ಬಂದಾಗ ಬಾಗಿಲ ಮೇಲಿನ ಬೋರ್ಡು ಕಣ್ಣಿಗೆ ಬಿತ್ತು. ಮೂರು ತಿಂಗಳಲ್ಲಿ ಆತ್ಮರಕ್ಷಣೆ, ಮಹಿಳೆಯರಿಗೆ ವಿಶೇಷ ತರಬೇತಿ. ಒಳಗಿನ ಮಾತಿಗೂ ಹೊರಗಿನ ಬೋರ್ಡಿಗೂ ತಾಳೆಯಾಗಲಿಲ್ಲ.

ಯಾವ ಸಮರಕಲೆಯೂ ಪೆಟ್ಟುಗಳ ಪಟ್ಟಿಯಿಂದ ಹೊಡೆದಾಟಕ್ಕೆ ಒದಗುವುದಿಲ್ಲ. ಎದುರಿನವನು ನಿಜವಾಗಿ ತಡೆಯುತ್ತಾ, ನಿಜವಾಗಿ ಕೆಡವಲು ನೋಡುತ್ತಾ ಇರುವಾಗ ಆ ಪೆಟ್ಟನ್ನು ಎಷ್ಟು ಸಲ ಹಾಕಿದ್ದೀರಿ ಎಂಬುದರಿಂದ ಒದಗುತ್ತದೆ. ಜುಡೊದವನು ವಾರಕ್ಕೆ ನೂರು ಸಲ ಬೀಳುತ್ತಾನೆ, ಬಾಕ್ಸರನ ಮೂಗು ಮೊದಲ ತಿಂಗಳಲ್ಲೇ ಪಾಠ ಕಲಿಯುತ್ತದೆ. ಗರಡಿಯಲ್ಲಿ ಮಟ್ಟಿ ಮೆತ್ತಿಕೊಂಡವನಿಗೆ ಇನ್ನೊಬ್ಬನ ಭಾರ ಎಂದರೇನು ಎಂದು ಮೈಗೇ ಗೊತ್ತು. ಸುಮ್ಮನೆ ಬಾರಿಸಿದರೆ ತಡೆದುಕೊಳ್ಳಬಹುದು ಎಂಬ ಧೈರ್ಯ ಪೆಟ್ಟು ತಿಂದೇ ಬರಬೇಕು, ಬೇರೆ ದಾರಿ ಇಲ್ಲ. ಕಪೊಯೆರಾದ ಬಹುಪಾಲು ಶಾಲೆಗಳಲ್ಲಿ ಒದೆಯನ್ನು ತೋರಿಸಲಾಗುತ್ತದೆ, ಮುಟ್ಟಿಸುವುದಿಲ್ಲ. ವರ್ಷಗಟ್ಟಲೆ ತೋರಿಸಿದ ಕಾಲು, ಹೊಡೆಯಬೇಕಾದ ದಿನವೂ ಒಂದು ಗೇಣು ಆಚೆಯೇ ನಿಲ್ಲುತ್ತದೆ. ಆಂಡರ್ಸನ್ ಸಿಲ್ವಾ, ಜೋಸೆ ಆಲ್ಡೊ ಅವರಂಥ ಮಿಶ್ರ ಸಮರಕಲೆಯ ದೊಡ್ಡ ಚಾಂಪಿಯನ್ನರು ಎಳೆಯ ವಯಸ್ಸಿನಲ್ಲಿ ಕಪೊಯೆರಾ ಆಡಿದವರೇ. ಆದರೆ ಅವರು ಹೊಡೆದಾಟ ಕಲಿತದ್ದು ಮುವಾಯ್ ಥಾಯ್ ಮತ್ತು ಜಿಯು ಜಿಟ್ಸು ಗರಡಿಗಳಲ್ಲಿ. ಕಪೊಯೆರಾ ಅವರಿಗೆ ಮೈಯ ಚುರುಕು ಕೊಟ್ಟಿರಬಹುದು, ಪಟ್ಟ ಕೊಡಲಿಲ್ಲ.

ಈ ಕೊರತೆಯನ್ನು ಕಂಡುಕೊಂಡ ಮೊದಲಿಗ ನಾನಲ್ಲ. ಕಪೊಯೆರಾದ ಅತಿದೊಡ್ಡ ಗುರುವೇ ಕಂಡುಕೊಂಡಿದ್ದರು. ಮನುವೆಲ್ ದೋಸ್ ರೇಯಿಸ್ ಮಶಾದೊ, ಮೆಸ್ತ್ರೆ ಬಿಂಬಾ ಎಂದೇ ಹೆಸರುವಾಸಿ. ಸಾಲ್ವದೋರ್‌ನಲ್ಲಿ 1932ರಲ್ಲಿ ಶಾಲೆ ತೆರೆದರು, 1937ರಲ್ಲಿ ಸರ್ಕಾರದ ಮಾನ್ಯತೆ ಸಿಕ್ಕಿತು. ಕಪೊಯೆರಾ ನೋಡುವವರ ಮನರಂಜನೆಗೆ ಮೆತ್ತಗಾಗುತ್ತಿದೆ ಎಂಬುದು ಅವರ ದೂರು. ತಂದೆ ಬತೂಕಿ ಎಂಬ ಕಾಲಾಟದ ಹುರಿಯಾಳು. ಅದರ ಕೆಡವುವ ಪಟ್ಟುಗಳನ್ನು ಬಿಂಬಾ ಕಪೊಯೆರಾಕ್ಕೆ ಬೆಸೆದರು, ಎಂಟು ಭಾಗಗಳ ಕಡ್ಡಾಯ ಅಭ್ಯಾಸಕ್ರಮ ಕಟ್ಟಿದರು, ‘ಬಾಯಿಯಾದ ಪ್ರಾಂತೀಯ ಕಾಳಗ’ ಎಂದು ಹೆಸರಿಟ್ಟರು. ಹೊಸಬ ಬಂದರೆ ಅವನ ಎರಡೂ ಕೈ ಹಿಡಿದುಕೊಂಡು, ಮಗುವಿಗೆ ನಡೆ ಕಲಿಸಿದಂತೆ ತಾವೇ ಜಿಂಗಾ ಕಲಿಸುತ್ತಿದ್ದರು. 1936ರಲ್ಲಿ ಸಾಲ್ವದೋರ್‌ನ ಕಣದಲ್ಲಿ ಬಹಿರಂಗ ಸವಾಲು ಹಾಕಿ ಬಂದವರನ್ನೆಲ್ಲ ಸೋಲಿಸಿದರು. ಅವರ ಮುಂದೆ ಮೂರು ಪೆಟ್ಟಿಗಿಂತ ಹೆಚ್ಚು ಯಾರೂ ನಿಲ್ಲುವುದಿಲ್ಲ ಎಂದು ‘ಮೂರೇಟು’ ಎಂಬ ಅಡ್ಡಹೆಸರು ಬಂತು.

ಬಿಂಬಾ ಶಾಲೆಯ ಒಂದು ವಿಷಯ ನನಗೆ ಬಹಳ ಇಷ್ಟ. ಪದವಿ ಪಡೆದ ಶಿಷ್ಯರಿಗೆ ಮೂರು ತಿಂಗಳ ವಿಶೇಷ ಪಾಠ ಇರುತ್ತಿತ್ತು. ಎರಡು ತಿಂಗಳು ಶಾಲೆಯಲ್ಲಿ, ಚಾಕು, ಕ್ಷೌರದ ಕತ್ತಿ, ದೊಣ್ಣೆಯನ್ನು ಎದುರಿಸುವ ಅಭ್ಯಾಸ. ಮೂರನೆಯ ತಿಂಗಳು ಊರಾಚೆ, ಶಪಾದಾ ದೊ ರಿಯೊ ವೆರ್ಮೆಲ್ಯೊ ಎಂಬ ಕುರುಚಲು ಕಾಡಿನಲ್ಲಿ. ಶಿಷ್ಯ ದಾರಿಯಲ್ಲಿ ನಡೆದು ಹೋಗಬೇಕು, ಪೊದೆಯ ಮರೆಯಿಂದ ನಾಲ್ಕೈದು ಜನ ಒಟ್ಟಿಗೆ ಮೇಲೆ ಬೀಳುತ್ತಾರೆ. ತಪ್ಪಿಸಿಕೊಂಡು ಬಾ. ಅಷ್ಟೇ ಪರೀಕ್ಷೆ. ಮೂರು ತಿಂಗಳ ಆತ್ಮರಕ್ಷಣೆ ಎಂದರೆ ಇದು! ಇವತ್ತು ಬಿಂಬಾರ ಭಾವಚಿತ್ರ ಗೋಡೆಗೆ ಹಾಕಿಕೊಂಡ ಶಾಲೆಗಳಲ್ಲಿ ಎಷ್ಟು ಕಡೆ ಈ ಹೊಂಚುದಾಳಿ ಪಾಠ ಉಳಿದಿದೆ? ಅದರ ಬದಲಿಗೆ ಲಾಗಗಳು ಹೆಚ್ಚಾಗಿವೆ. ಸಾಲು ಲಾಗ, ಹಿಮ್ಮುಖ ಲಾಗ ಇವೆಲ್ಲ 1960ರ ದಶಕದ ನಂತರ, ಪ್ರವಾಸಿಗರ ಮುಂದೆ ವೇದಿಕೆಯ ಮೇಲೆ ಆಡತೊಡಗಿದಾಗ ಕೊಬ್ಬಿದ ಕೊಂಬೆಗಳು. ಅವನ್ನು ನೋಡಿ ‘ಇದೇನು ಸರ್ಕಸ್ಸು’ ಎಂದು ಕಪೊಯೆರಾವನ್ನೇ ತಳ್ಳಿಹಾಕುವವರು ಕೊಂಬೆಯನ್ನು ಮರ ಎಂದುಕೊಂಡಿದ್ದಾರೆ.

ಬಿಂಬಾರಿಗಿಂತ ಒಂದು ಹೆಜ್ಜೆ ಮುಂದೆ ಹೋದವರು ರಿಯೊದಲ್ಲಿದ್ದರು. ಹೆಸರು ಅಜೆನೊರ್ ಮೊರೇರಾ ಸಂಪಾಯೊ, ಕರೆಯುತ್ತಿದ್ದುದು ಸಿನ್ಯೊಜಿನ್ಯೊ ಎಂದು. ಅವರ ಶಾಲೆಯಲ್ಲಿ ಬೆರಿಂಬೌ ಇಲ್ಲ, ಹಾಡಿಲ್ಲ, ರೋಡಾ ಇಲ್ಲ. ಕಪೊಯೆರಾದಿಂದ ಒದೆ, ಡಿಚ್ಚಿ, ಅಡ್ಡಗಾಲುಗಳನ್ನು ಮಾತ್ರ ಆರಿಸಿಕೊಂಡು, ಮೈಬಲದ ವ್ಯಾಯಾಮ ಸೇರಿಸಿ, ಮಧ್ಯಮವರ್ಗದ ಹುಡುಗರಿಗೆ ಹೊಡೆದಾಟ ಕಲಿಸುತ್ತಿದ್ದರು. 1949ರಲ್ಲಿ ಬಿಂಬಾ ಶಿಷ್ಯರನ್ನು ಕಟ್ಟಿಕೊಂಡು ರಿಯೊಗೆ ಬಂದಾಗ ಎರಡೂ ಕಡೆಯವರು ಕಣದಲ್ಲಿ ಎದುರಾದರು. ಸಿನ್ಯೊಜಿನ್ಯೊ ಶಿಷ್ಯರಾದ ರುಡಾಲ್ಫ್ ಎರ್ಮಾನಿ ಮತ್ತು ಸಿರಂದಿನ್ಯಾ ಬಾಯಿಯಾದ ಹುಡುಗರನ್ನು ಬೇಗನೆ ಮಣಿಸಿದರು. ಕಪೊಯೆರಾದ ಎದುರು ಕಪೊಯೆರಾ, ಹಾಡಿದ್ದರ ಎದುರು ಹಾಡಿಲ್ಲದ್ದು. ಹಾಡಿಲ್ಲದ್ದು ಗೆದ್ದಿತು. ‘ಕೆಲಸಕ್ಕೆ ಬರುವುದೇ’ ಎಂಬ ಪ್ರಶ್ನೆಗೆ ಇದಕ್ಕಿಂತ ಚೊಕ್ಕ ಉತ್ತರ ಇತಿಹಾಸದಲ್ಲಿ ಇನ್ನೊಂದಿಲ್ಲ.

ಆಮೇಲೆ ಏನಾಯಿತು ನೋಡಿ. ಎರ್ಮಾನಿ ಜುಡೊ ಕಡೆ ಹೊರಳಿದ. ಅದು ಸಹಜವೇ. ಹೊಡೆದಾಟ ಒಂದೇ ಗುರಿಯಾದರೆ, ಗುರಿಗೆ ಇನ್ನೂ ಹತ್ತಿರದ ದಾರಿ ಕಂಡ ದಿನ ಹಳೆಯ ದಾರಿ ಬಿಡಲು ಯಾವ ಅಡ್ಡಿಯೂ ಇಲ್ಲ. 1962ರಲ್ಲಿ ಸಿನ್ಯೊಜಿನ್ಯೊ ತೀರಿಕೊಂಡರು, ಅವರ ಬಗೆಯ ಕಪೊಯೆರಾ ಹೆಚ್ಚು ಕಡಿಮೆ ಅವರೊಂದಿಗೇ ಹೋಯಿತು. ಸೋತ ಬಿಂಬಾರ ಶಾಲೆಯ ಪ್ರದರ್ಶನಕ್ಕೆ 1953ರಲ್ಲಿ ದೇಶದ ಅಧ್ಯಕ್ಷ ಜೆತುಲಿಯೊ ವರ್ಗಾಸ್ ಪ್ರೇಕ್ಷಕನಾಗಿದ್ದ. 2014ರಲ್ಲಿ ಕಪೊಯೆರಾದ ರೋಡಾ ಯುನೆಸ್ಕೊ ಪಟ್ಟಿ ಸೇರಿತು. ಗಮನಿಸಿ, ಪಟ್ಟಿ ಸೇರಿದ್ದು ಒದೆಯಲ್ಲ, ವೃತ್ತ. ಜನ ಕಪೊಯೆರಾಕ್ಕೆ ಇಪ್ಪತ್ತು ವರ್ಷ ಅಂಟಿಕೊಳ್ಳುವುದು ವೃತ್ತಕ್ಕಾಗಿ, ಹಾಡಿಗಾಗಿ, ನಿನ್ನೆ ತನ್ನನ್ನು ಬೀಳಿಸಿದವನನ್ನು ಇವತ್ತು ಬೀಳಿಸುವ ಆಸೆಗಾಗಿ. ಹೊಡೆದಾಟದ ಕಸುಬು ಹೊಸ ಕಸುಬಿಗೆ ಜಾಗ ಬಿಡುತ್ತದೆ, ಆಟ ಬಿಡುವುದಿಲ್ಲ.

ಹಾಗಾದರೆ ರೋಡಾದಲ್ಲಿ ಕಲಿಯುವುದೆಲ್ಲ ಬರೀ ಆಟವೇ ಎಂದು ಕೇಳಬಹುದು. ಇಲ್ಲ ಎನ್ನಲು ಮೆಸ್ತ್ರೆ ಪಸ್ತಿನ್ಯಾ ಕಾರಣ. ಬಿಂಬಾರ ಸಮಕಾಲೀನರು, 1941ರಲ್ಲಿ ಅಂಗೋಲಾ ಬಗೆಯ ಕಪೊಯೆರಾಕ್ಕೆ ಶಾಲೆ ಕಟ್ಟಿದವರು. ಅವರ ಬಗೆ ನಿಧಾನ, ನೆಲಕ್ಕೆ ಅಂಟಿಕೊಂಡದ್ದು. ಅದರಲ್ಲಿ ಶಮಾದಾ ಎಂಬ ಒಂದು ಪದ್ಧತಿ ಇದೆ, ಕರೆ ಎಂದರ್ಥ. ಆಟದ ನಡುವೆ ಒಬ್ಬ ಇದ್ದಕ್ಕಿದ್ದಂತೆ ನಿಂತು ಕೈ ಚಾಚಿ ಇನ್ನೊಬ್ಬನನ್ನು ಹತ್ತಿರ ಕರೆಯುತ್ತಾನೆ, ರಾಜಿ ಮಾಡಿಕೊಳ್ಳೋಣ ಬಾ ಎಂಬಂತೆ. ಕರೆಸಿಕೊಂಡವನು ನೇರವಾಗಿ ಹೋಗುವಂತಿಲ್ಲ. ಸುತ್ತಿ ಬಳಸಿ, ಮೊಣಕೈಯಿಂದ ಪಕ್ಕೆ ಕಾಯ್ದುಕೊಂಡು, ಕರೆದವನ ಮೊಣಕಾಲಿನ ಮೇಲೊಂದು ಕಣ್ಣಿಟ್ಟು ಹೋಗಬೇಕು. ಇಬ್ಬರೂ ಅಂಗೈ ಜೋಡಿಸಿ ನಾಲ್ಕು ಹೆಜ್ಜೆ ಮುಂದೆ, ನಾಲ್ಕು ಹೆಜ್ಜೆ ಹಿಂದೆ ನಡೆಯುತ್ತಾರೆ. ಪೆಟ್ಟು ಬರುವುದು ಬಿಡಿಸಿಕೊಳ್ಳುವ ಕ್ಷಣದಲ್ಲಿ. ಮೈಮರೆತು ನಕ್ಕವನ ಹೊಟ್ಟೆಗೆ ಡಿಚ್ಚಿ ಬೀಳುತ್ತದೆ, ಸುತ್ತ ಕೂತವರು ಗೊಳ್ಳೆನ್ನುತ್ತಾರೆ. ಈ ಕಿಲಾಡಿತನಕ್ಕೆ ಮಲೀಸಿಯಾ ಎಂದು ಹೆಸರು, ಬಾಯಿಯಾದ ಹಳಬರಿಗೆ ಅದಿಲ್ಲದ ಕಪೊಯೆರಾ ಕಪೊಯೆರಾವೇ ಅಲ್ಲ.

ನಗುನಗುತ್ತಾ ಹತ್ತಿರ ಬರುವವನ ಕೈ ಎಲ್ಲಿದೆ ಎಂದು ನೋಡುವ ಅಭ್ಯಾಸವನ್ನು ಬಾಕ್ಸಿಂಗ್ ಕಲಿಸುವುದಿಲ್ಲ, ಜುಡೊ ಕಲಿಸುವುದಿಲ್ಲ. ಅಲ್ಲಿ ಗಂಟೆ ಬಾರಿಸುತ್ತದೆ, ವಂದನೆ ಆಗುತ್ತದೆ, ಆಮೇಲೆ ಜಗಳ ಶುರು. ಬೀದಿಯ ಜಗಳಕ್ಕೆ ಗಂಟೆ ಇಲ್ಲ. ಆ ಮಟ್ಟಿಗೆ ಕಪೊಯೆರಾ ಬೀದಿಯನ್ನು ಉಳಿದವರಿಗಿಂತ ಚೆನ್ನಾಗಿ ಬಲ್ಲದು. ಜಗಳಕ್ಕೆ ಮುಂಚಿನ ಅರ್ಧ ನಿಮಿಷದ ವಿದ್ಯೆ ಅದರಲ್ಲಿದೆ, ಜಗಳದ ಒಳಗಿನ ಅರ್ಧ ನಿಮಿಷದ ವಿದ್ಯೆ ಇಲ್ಲ. ಬಿದ್ದರೆ ಪೆಟ್ಟಾಗದಂತೆ ಉರುಳುವುದು, ತಲೆಗೆ ಬಂದದ್ದನ್ನು ಕಣ್ಣು ಮುಚ್ಚದೆ ತಪ್ಪಿಸುವುದು, ಓಡಲು ದಾರಿ ನೋಡಿಟ್ಟುಕೊಳ್ಳುವುದು ಇವೂ ಬರುತ್ತವೆ. ಇದು ಕಡಿಮೆ ಏನಲ್ಲ. ಆದರೆ ಇದನ್ನು ‘ನಾಲ್ಕು ಜನ ಬಂದರೂ ಹೊಡೆದುರುಳಿಸಬಹುದು’ ಎಂದು ಮಾರುವುದು ಮೋಸ. ಆ ನಂಬಿಕೆಯಲ್ಲಿ ಓಡಬೇಕಾದ ಹುಡುಗಿ ನಿಂತರೆ ಹೊಣೆ ಯಾರದು?

ಹೊಡೆದಾಟವೇ ಬೇಕು ಎನ್ನುವವರು ಜುಡೊಗೋ ಬಾಕ್ಸಿಂಗಿಗೋ ಹೋಗಲಿ, ಹತ್ತಿರದಲ್ಲಿ ಗರಡಿ ಇದ್ದರೆ ಇನ್ನೂ ಒಳ್ಳೆಯದು. ಕಪೊಯೆರಾವೇ ಬೇಕೆಂದು ಮನಸ್ಸಾಗಿದ್ದರೆ, ಅದಕ್ಕೂ ಬೇಕಾದಷ್ಟು ಒಳ್ಳೆಯ ಕಾರಣಗಳಿವೆ, ಹಣ ಕಟ್ಟುವ ಮೊದಲು ಒಂದು ಸಂಜೆ ಸುಮ್ಮನೆ ಮೂಲೆಯಲ್ಲಿ ಕೂತು ನೋಡಿ. ಲಾಗಗಳನ್ನು ಎಣಿಸಬೇಡಿ. ಒಂದು ಗಂಟೆಯ ಆಟದಲ್ಲಿ ಅಡ್ಡಗಾಲಿಗೆ ಸಿಕ್ಕಿ ನಿಜವಾಗಿ ಬಿದ್ದವರು ಎಷ್ಟು ಜನ ಎಂದು ಎಣಿಸಿ. ಗುರುವೂ ಒಮ್ಮೆ ಬಿದ್ದು, ನಗುತ್ತಾ ಎದ್ದು ಆಟ ಮುಂದುವರಿಸಿದರೆ ಅಲ್ಲಿ ಸೇರಿಕೊಳ್ಳಿ. ಯಾರೂ ಬೀಳದಿದ್ದರೆ ಚಪ್ಪಾಳೆ ತಟ್ಟಿ ಮನೆಗೆ ಬನ್ನಿ.